ಹಾವಿನ ಕಡಿತವೂ ಲೆಕ್ಕಕ್ಕೆ ಸಿಗಲಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ವೈದ್ಯಕೀಯಕ್ಕೆ ಕಂಪ್ಯೂಟರ್, ಡೇಟಾ, ಎಐ ಬಂದಿವೆ ಅನ್ನುತ್ತಾರಲ್ಲ, ಅದರಿಂದ ನಮ್ಮಂಥವರಿಗೆ ಸಿಗುವುದೇನು? ಮರೋಳದ ಕಡೆಯ ಶಿಕ್ಷಕರೊಬ್ಬರು ಇದನ್ನೇ ಊರ ಮಾತಿನಲ್ಲಿ ನೇರವಾಗಿ ಕೇಳಿದ್ದಾರೆ: “ಇವೆಲ್ಲಾ ಬೆಂಗಳೂರಿನ ದೊಡ್ಡ ದವಾಖಾನಿಗೆ ಬಂದಿರಬೇಕ್ರಿ. ನಮ್ಮ ಹೊಲದಾಗ ಹಾವು ಕಡದ್ರ ಡೇಟಾ ಏನ್ ಮಾಡತೈತ್ರಿ?” ಅವರ ದನಿಯಲ್ಲಿ ಸವಾಲಿದೆ. ಆದರೆ ಮಾಹಿತಿ ತಂತ್ರಜ್ಞಾನ ಮತ್ತು ಜೀವವಿಜ್ಞಾನ ಕೂಡಿ ಮಾಡುತ್ತಿರುವ ಕೆಲಸವನ್ನು ವಿವರಿಸಲು ಹಾವಿನ ಕಡಿತಕ್ಕಿಂತ ಒಳ್ಳೆಯ ಉದಾಹರಣೆ ನನಗೂ ಹೊಳೆಯುತ್ತಿಲ್ಲ. ಆದ್ದರಿಂದ ಈ ವಾರ ಅವರ ಪ್ರಶ್ನೆಗೇ ಉತ್ತರ.

ಮರೋಳದ ಸುತ್ತಿನ ರೈತರಿಗೆ ಕಂಪ್ಯೂಟರ್ ಅಪರಿಚಿತವೇನಲ್ಲ. ಸುಮಾರು 24 ಸಾವಿರ ಹೆಕ್ಟೇರ್ ಭೂಮಿಗೆ ಕೃಷ್ಣೆಯ ನೀರನ್ನು ಹನಿಸಲೆಂದು ಕೈಗೊಂಡ ರಾಮಥಾಳ–ಮರೋಳ ನೀರಾವರಿ ಯೋಜನೆಯನ್ನು, ಯಾವ ಹೊಲಕ್ಕೆ ಎಷ್ಟು ನೀರು ಎಂಬುದನ್ನು ಯಂತ್ರವೇ ಲೆಕ್ಕ ಹಾಕಿ ಕವಾಟ ತೆರೆಯುವಂತೆ ರೂಪಿಸಲಾಗಿದೆ. ಅದು ಎಲ್ಲ ಹೊಲಗಳಲ್ಲೂ ಅಂದುಕೊಂಡಂತೆ ನಡೆದಿದೆಯೇ ಎಂಬುದು ಬೇರೆ ಚರ್ಚೆ. ನನ್ನ ಮನಸ್ಸಿಗೆ ಚುಚ್ಚುವುದು ಇನ್ನೊಂದು ಸಂಗತಿ. ಹೊಲಕ್ಕೆ ಹರಿಯುವ ನೀರಿನ ಲೆಕ್ಕ ಇಡಲು ಇಷ್ಟು ಮುತುವರ್ಜಿ ವಹಿಸಿದ ನಾವು, ಅದೇ ಹೊಲದ ಬದುವಿನಲ್ಲಿ ಹಾವು ಕಡಿದು ಸತ್ತವರ ಲೆಕ್ಕವನ್ನು ಬಹುಕಾಲ ಇಟ್ಟಿರಲೇ ಇಲ್ಲ.

ದೇಶದ ಸರ್ಕಾರಿ ಆಸ್ಪತ್ರೆಗಳ ದಾಖಲೆಯನ್ನಷ್ಟೇ ನಂಬಿದರೆ, ಈ ಶತಮಾನದ ಮೊದಲ ಒಂದೂವರೆ ದಶಕದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸಾವಿರ ಚಿಲ್ಲರೆ ಜನ ಸತ್ತರು ಅನ್ನಬೇಕಾಗುತ್ತದೆ. ಹಳ್ಳಿಗಳನ್ನು ಬಲ್ಲ ಯಾವ ವೈದ್ಯರೂ ಆ ಸಂಖ್ಯೆಯನ್ನು ಒಪ್ಪುತ್ತಿರಲಿಲ್ಲ. ಹಾವು ಕಡಿದವರಲ್ಲಿ ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಮಂತ್ರ ಹಾಕುವವರ ಮನೆಯಲ್ಲೋ, ಗುಡಿಯ ಕಟ್ಟೆಯ ಮೇಲೋ, ಟಂಟಂ ಗಾಡಿಯಲ್ಲಿ ದಾರಿ ಮಧ್ಯೆಯೋ ಜೀವ ಹೋಗುತ್ತದೆ. ಆಸ್ಪತ್ರೆಯ ಪುಸ್ತಕ ಅವರನ್ನು ಕಾಣುವುದೇ ಇಲ್ಲ. ಇದನ್ನು ಸರಿಪಡಿಸಿದ್ದು ಒಂದು ಅಧ್ಯಯನ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಮತ್ತು ಟೊರಾಂಟೊದ ಪ್ರಭಾತ್ ಝಾ ಅವರ ತಂಡ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಗಣತಿದಾರರು ಸಾವು ಸಂಭವಿಸಿದ ಮನೆಗಳಿಗೇ ಹೋದರು. ಕೊನೆಯ ದಿನಗಳಲ್ಲಿ ಏನಾಯಿತು, ಯಾವ ಲಕ್ಷಣ ಮೊದಲು ಕಂಡಿತು, ಎಷ್ಟು ಹೊತ್ತಿಗೆ ಜೀವ ಹೋಯಿತು ಎಂದು ಮನೆಯವರನ್ನು ಕೂಡಿಸಿಕೊಂಡು ಕೇಳಿ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ, ಪ್ರತ್ಯೇಕವಾಗಿ ಓದಿ ಸಾವಿನ ಕಾರಣ ಗುರುತಿಸಿದರು. ಇಬ್ಬರ ತೀರ್ಮಾನ ಹೊಂದದಿದ್ದರೆ ಮತ್ತೆ ಪರಿಶೀಲನೆ. ಹೀಗೆ ಮನೆಮನೆಯ ಮಾತು ಸೇರಿಸಿ 2020ರಲ್ಲಿ ಹೊರಬಂದ ಅಂದಾಜು ಇದು: 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 30ರಿಂದ 69 ವಯಸ್ಸಿನವರು, ಅಂದರೆ ಮನೆಯ ದುಡಿಮೆ ಹೊತ್ತವರು. ಕಾಲುಭಾಗಕ್ಕಿಂತ ಹೆಚ್ಚು ಮಂದಿ 15 ತುಂಬದ ಮಕ್ಕಳು.

ಈ ಅಂಕಿ ಓದಿದಾಗ ನನಗೆ ನಮ್ಮ ದೊಡ್ಡಪ್ಪ ನೆನಪಾದರು. ನಾನು ಚಿಕ್ಕವನಿದ್ದಾಗ ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರು. ಕಣ್ಣಿನ ರೆಪ್ಪೆ ಜೋತುಬಿದ್ದವು, ಮಾತು ತೊದಲಿತು, ಬಿಸಿಲೇರುವಷ್ಟರಲ್ಲಿ ಇಲ್ಲವಾದರು. ಮೈಮೇಲೆ ಗಾಯ ಕಾಣಲಿಲ್ಲ, ಹಾವನ್ನು ಯಾರೂ ನೋಡಲಿಲ್ಲ. ಮನೆಯಲ್ಲಿ ಇವತ್ತಿಗೂ ‘ಹೊಟ್ಟೆ ಜಾಡಿಸಿ ಹೋದ್ರು’ ಎಂದೇ ಹೇಳುತ್ತಾರೆ. ಕಟ್ಟುಹಾವಿನ ಕಡಿತ ಹೀಗೆಯೇ ಇರುತ್ತದೆ ಎಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಡಿಯುತ್ತದೆ, ಕಡಿದದ್ದು ಬಹಳ ಸಲ ಗೊತ್ತೇ ಆಗುವುದಿಲ್ಲ, ನಂಜು ನರಗಳಿಗೆ ಏರಿ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ದೊಡ್ಡಪ್ಪನವರ ಸಾವಿನ ಕಾರಣವನ್ನು ಯಾರೂ ಎಲ್ಲಿಯೂ ಬರೆದಿಲ್ಲ.

ಗಮನಿಸಿ, ಆ ಅಧ್ಯಯನ ಹೊಸ ಔಷಧ ಕಂಡುಹಿಡಿಯಲಿಲ್ಲ. ಲೆಕ್ಕವನ್ನು ಸರಿಯಾಗಿ ಇಟ್ಟಿತು, ಅಷ್ಟೇ. ಅಷ್ಟಕ್ಕೇ ನೀತಿ ಕದಲಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹಾವಿನ ಕಡಿತವನ್ನು ಅತಿ ಆದ್ಯತೆಯ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಹಾವಿನ ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ದೇಶದಲ್ಲಿ ಮೊದಲು ಈ ಹೆಜ್ಜೆ ಇಟ್ಟದ್ದು ನಮ್ಮ ರಾಜ್ಯ. ಮರುತಿಂಗಳೇ ಕೇಂದ್ರ ಸರ್ಕಾರ, 2030ರೊಳಗೆ ಇಂಥ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ ಹೊರತಂದಿತು. ಅಧಿಸೂಚಿತ ಅಂದರೆ, ಇಳಕಲ್ಲಿನ ಖಾಸಗಿ ನರ್ಸಿಂಗ್ ಹೋಮ್ ಇರಲಿ, ಹುನಗುಂದದ ಸರ್ಕಾರಿ ಆಸ್ಪತ್ರೆ ಇರಲಿ, ಹಾವು ಕಡಿದ ಪ್ರತಿಯೊಬ್ಬರ ವಿವರವನ್ನೂ, ಸಾವನ್ನೂ ಸರ್ಕಾರದ ಪೋರ್ಟಲ್‌ಗೆ ತಿಳಿಸಲೇಬೇಕು.

ಪೋರ್ಟಲ್‌ಗೆ ಏರಿಸಿದರೆ ಬಂದದ್ದೇನು ಎಂದು ಕೇಳಬಹುದು. ಹಾವು ಕಡಿದವರು ಆಸ್ಪತ್ರೆಗೆ ಬಂದಾಗ ಮಾಡುವ ಒಂದು ಪರೀಕ್ಷೆ ಬಹಳ ಸರಳ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೂ ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಕಡಿದದ್ದು ಯಾವ ಊರಲ್ಲಿ, ಎಷ್ಟು ಹೊತ್ತಿಗೆ, ಆಸ್ಪತ್ರೆಗೆ ಎಷ್ಟು ತಾಸಿಗೆ ಬಂದರು, ನಳಿಕೆಯ ಪರೀಕ್ಷೆ ಏನು ತೋರಿಸಿತು, ಎಷ್ಟು ವಯಲ್ ಪ್ರತಿವಿಷ ಹೋಯಿತು, ಮೂತ್ರಪಿಂಡ ಉಳಿಯಿತೇ — ಒಬ್ಬ ರೋಗಿಯ ಕೇಸ್ ಪೇಪರಿನಲ್ಲಿ ಇವು ಆ ಒಬ್ಬನ ಕಥೆ. ಒಂದು ಜಿಲ್ಲೆಯ ನಾಲ್ಕೈದು ಮಳೆಗಾಲದ ಕಥೆಗಳನ್ನು ಒಟ್ಟುಗೂಡಿಸಿದಾಗ ಬೇರೆಯದೇ ಚಿತ್ರ ಮೂಡುತ್ತದೆ. ಯಾವ ಹೋಬಳಿಯಲ್ಲಿ ಯಾವ ತಿಂಗಳು ಕಡಿತ ಏರುತ್ತದೆ, ಎಲ್ಲಿಂದ ಬರುವವರು ತಡವಾಗಿ ಬರುತ್ತಾರೆ, ಯಾವ ಕಡೆ ಹತ್ತು ವಯಲ್ ಸಾಕಾಗದೆ ಇಪ್ಪತ್ತು ಬೇಕಾಗುತ್ತದೆ ಎಂಬುದೆಲ್ಲ ಕಾಣುತ್ತದೆ. ಮುಂಗಾರಿಗೆ ಮುನ್ನ ಯಾವ ಆರೋಗ್ಯ ಕೇಂದ್ರದ ಫ್ರಿಜ್‌ನಲ್ಲಿ ಎಷ್ಟು ಪ್ರತಿವಿಷ ಇರಬೇಕು ಎಂದು ಆಗ ಊಹೆಯ ಮೇಲಲ್ಲ, ಲೆಕ್ಕದ ಮೇಲೆ ತೀರ್ಮಾನಿಸಬಹುದು. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಕತ್ತಲಲ್ಲಿ ನೀರು ಹಾಯಿಸಲು ಹೋಗುವ ರೈತರಿಗೂ ಕಡಿತಕ್ಕೂ ನಂಟಿದೆಯೇ ಎಂಬುದೂ ಅದೇ ಲೆಕ್ಕದಲ್ಲಿ ಬಯಲಾಗುತ್ತದೆ. ಹಾಗಾದಾಗ ಹಗಲು ಹೊತ್ತಿನಲ್ಲಿ ಕರೆಂಟ್ ಕೊಡಿ ಎಂಬ ಬೇಡಿಕೆ ಆರೋಗ್ಯದ ಬೇಡಿಕೆಯೂ ಆಗುತ್ತದೆ.

ಇನ್ನು ಸಂಶೋಧನೆಯ ಮಾತು. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವನ್ನು ತಯಾರಿಸುವ ಬಗೆ ನೂರಿಪ್ಪತ್ತು ವರ್ಷಗಳಿಗೂ ಹಳೆಯದು. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆದು ಶುದ್ಧೀಕರಿಸುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಆ ಸಂಘದ ಕೆಲಸಕ್ಕೆ ದೇಶವೇ ಋಣಿ. ಆದರೆ ತಮಿಳುನಾಡಿನ ಹಾವಿನ ವಿಷವೂ ಹುನಗುಂದದ ಎರೆಹೊಲದ ಹಾವಿನ ವಿಷವೂ ಒಂದೇ ಇರುತ್ತದೆಯೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ವರ್ಷಗಳಿಂದ ಬೆನ್ನುಹತ್ತಿರುವುದು ಈ ಪ್ರಶ್ನೆಯನ್ನೇ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ಕೆಲವೆಡೆ ಮಾರುಕಟ್ಟೆಯ ಪ್ರತಿವಿಷ ಅಷ್ಟಾಗಿ ನಾಟುವುದಿಲ್ಲ ಎಂದು ಅವರು ತೋರಿಸಿದ್ದಾರೆ. 2025ರಲ್ಲಿ ಪ್ರಕಟವಾದ ಅವರ ತಂಡದ ಒಂದು ಅಧ್ಯಯನ ನಮಗೆ ತೀರ ಹತ್ತಿರದ್ದು. ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ಸಂಗ್ರಹಿಸಿ, ಅದರಲ್ಲಿನ ಕಿಣ್ವಗಳ ಚಟುವಟಿಕೆ ಅಳೆದು, ಆಯಾ ಸ್ಥಳದ ಮಳೆ, ಉಷ್ಣಾಂಶಗಳ ದಾಖಲೆಯ ಜೊತೆ ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು ಎಂದು ಕಂಡಿತು. ಅಂದರೆ ಒಂದು ಊರಿನ ಹವಾಮಾನ ಗೊತ್ತಿದ್ದರೆ ಅಲ್ಲಿನ ಕೊಳಕುಮಂಡಲದ ವಿಷದ ಸ್ವಭಾವವನ್ನು ಸುಮಾರಾಗಿ ಊಹಿಸಬಹುದು. ಮಳೆ ಕಡಿಮೆ ಬೀಳುವ ನಮ್ಮ ಕಡೆಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಇಲಾಖೆಯವರು ಮಳೆ ಅಳೆದು ಬರೆದಿಟ್ಟದ್ದು ಹಾವಿನ ಕಡಿತದ ಚಿಕಿತ್ಸೆಗೆ ದಾರಿದೀಪವಾಗುತ್ತದೆಂದು ಅದನ್ನು ಬರೆದವರು ಎಣಿಸಿರಲಿಕ್ಕಿಲ್ಲ. ಬೇರೆ ಬೇರೆ ಉದ್ದೇಶಕ್ಕೆ ಕೂಡಿಟ್ಟ ಮಾಹಿತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಶಕ್ತಿ ಇದೆಯಲ್ಲ, ಕಂಪ್ಯೂಟರ್ ಜೀವವಿಜ್ಞಾನಕ್ಕೆ ಕೊಟ್ಟ ದೊಡ್ಡ ಕೊಡುಗೆ ಅದೇ ಎಂದು ನಾನು ನಂಬುತ್ತೇನೆ.

ಅದೇ ವರ್ಷದ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ತಂಡ ನಾಗರಹಾವಿನ ಜಾತಿಯ ಹಾವುಗಳಲ್ಲಿರುವ ಒಂದು ಬಗೆಯ ನಂಜಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರೋಟೀನನ್ನು ಕುದುರೆಯ ಹಂಗಿಲ್ಲದೆ, ಎಐ ನೆರವಿನಿಂದ ಪರದೆಯ ಮೇಲೇ ವಿನ್ಯಾಸ ಮಾಡಿತು. ನಂಜಿನ ಅಣುವಿನ ಆಕಾರವನ್ನು ಕಂಪ್ಯೂಟರಿಗೆ ಕೊಟ್ಟು, ಕಾಲಿನ ಅಳತೆ ತೆಗೆದು ಮೆಟ್ಟು ಹೊಲಿದಂತೆ ಅದಕ್ಕೊಪ್ಪುವ ಪ್ರೋಟೀನ್ ಹೊಲಿದರು. ಪ್ರಯೋಗಾಲಯದ ಇಲಿಗಳು ಮಾರಕ ಪ್ರಮಾಣದ ನಂಜಿನಿಂದ ಉಳಿದವು. ಮನುಷ್ಯರಿಗೆ ಔಷಧವಾಗಲು ಇನ್ನೂ ಬಹಳ ದಾರಿ ಇದೆ. ಮಂಡಲದ ವಿಷ ಬೇರೆಯದೇ ಕಥೆ. ಆದರೂ ಇದು ಯಶಸ್ವಿಯಾದರೆ ಅಗ್ಗದಲ್ಲಿ ತಯಾರಾಗುವ, ಕುದುರೆಯ ಸೀರಮ್ಮಿನಿಂದ ಬರುವ ಅಲರ್ಜಿಯ ಭಯವಿಲ್ಲದ ಔಷಧ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಬರಬಹುದು.

ಆ ಎಐಗೆ ಪ್ರೋಟೀನಿನ ಆಕಾರ ಗೊತ್ತಾದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ. 1971ರಲ್ಲಿ ಏಳು ರಚನೆಗಳಿಂದ ಶುರುವಾದ ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬ ಭಂಡಾರವಿದೆ. ಜಗತ್ತಿನ ವಿಜ್ಞಾನಿಗಳು ಐವತ್ತು ವರ್ಷಗಳಿಂದ ತಾವು ಕಂಡ ಪ್ರೋಟೀನಿನ ಆಕಾರವನ್ನು ತಂದು ಅಲ್ಲಿಡುತ್ತ ಬಂದಿದ್ದಾರೆ. ಅಲ್ಲೀಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಹೊಸದಾಗಿ ಬಂದ ರಚನೆ ಸರಿಯಿದೆಯೇ ಎಂದು ಒರೆಹಚ್ಚಲು ಇವತ್ತಿಗೂ ಬಳಸುವುದು 1963ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿ ರೂಪಿಸಿದ ನಕ್ಷೆಯನ್ನು. ಆ ರಾಮಚಂದ್ರನ್ ಓದಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ಮುಂದೆ ಅಲ್ಲಿಗೇ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ಸಂದಾಗ ಎಲ್ಲರೂ ಎಐಯನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಆದರೆ ಆ ಭಂಡಾರವನ್ನು ತುಂಬಿದ ಸಾವಿರಾರು ಕೈಗಳಿಲ್ಲದಿದ್ದರೆ ಆ ಎಐಗೆ ಕಲಿಯಲು ಪಾಠವೇ ಇರುತ್ತಿರಲಿಲ್ಲ.

ಈ ಭಂಡಾರಗಳಲ್ಲಿ ನಮ್ಮ ಪಾಲು ಎಷ್ಟಿದೆ ಎಂಬುದು ನನ್ನ ಚಿಂತೆ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ನೆನಪಿಸಿಕೊಳ್ಳಿ. ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ ತೋರಿಸುವ ಆ ಪುಟ್ಟ ಯಂತ್ರ, ನಿಜವಾದ ಆಮ್ಲಜನಕ ಕುಸಿದಿದ್ದರೂ ಸರಿಯಿದೆ ಎಂದು ತೋರಿಸುವ ತಪ್ಪನ್ನು ಬಿಳಿಯರಿಗಿಂತ ಕಪ್ಪು ಬಣ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಮಾಡುತ್ತದೆ ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಯಂತ್ರಕ್ಕೆ ದ್ವೇಷವಿಲ್ಲ. ಅದನ್ನು ಹದಗೊಳಿಸುವಾಗ ಕಪ್ಪು ಚರ್ಮದವರು ಸಾಕಷ್ಟು ಇರಲಿಲ್ಲ. ಬಿಸಿಲಲ್ಲಿ ದುಡಿದು ಮೈಬಣ್ಣ ಕಪ್ಪಾದ ನಮ್ಮ ಜನ ಇಂಥ ಲೆಕ್ಕದಿಂದ ಹೊರಗುಳಿದರೆ ಪೆಟ್ಟು ಬೀಳುವುದು ನಮಗೇ.

ವಂಶವಾಹಿಯ ವಿಷಯದಲ್ಲಿ ಈ ಕೊರತೆ ತುಂಬಲು ಶುರುವಾದದ್ದು ‘ಜೀನೋಮ್ ಇಂಡಿಯಾ’. 2020ರಲ್ಲಿ ಆರಂಭವಾದ ಈ ಯೋಜನೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವೇ ಮುಂದಾಳು. 20 ಸಂಸ್ಥೆಗಳು ಕೂಡಿ 83 ಜನಸಮುದಾಯಗಳ ಸುಮಾರು ಹತ್ತು ಸಾವಿರ ಮಂದಿಯ ಪೂರ್ಣ ಜೀನೋಮ್ ಓದಿವೆ. ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆಯಲಾಯಿತು. ಒಳಬಾಂಧವ್ಯದ ಮದುವೆಗಳು ತಲೆಮಾರುಗಳಿಂದ ನಡೆದುಬಂದ ನಮ್ಮಲ್ಲಿ ಇದರ ಉಪಯೋಗ ದೊಡ್ಡದು. ಒಂದು ಉದಾಹರಣೆ ಸಾಕು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಔಷಧದ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ಅದನ್ನು ಕರಗಿಸುವ ಕಿಣ್ವದ ಕೊರತೆ ಇರುವವರಲ್ಲಿ ತಾಸುಗಟ್ಟಲೆ ಉಳಿದು, ಕೃತಕ ಉಸಿರಾಟ ಕೊಡಬೇಕಾಗುತ್ತದೆ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು ಎಂದು ಅರಿವಳಿಕೆ ತಜ್ಞರು ಅನುಭವದಿಂದ ಬಲ್ಲರು. ಅದರ ಮೂಲ ಜೀನಿನಲ್ಲಿನ ಒಂದೇ ಒಂದು ಅಕ್ಷರದ ಬದಲಾವಣೆ ಎಂಬುದು ಈಗ ಗೊತ್ತಾಗಿದೆ. ಇಂಥವು ನಮ್ಮ ಉಳಿದ ಸಮುದಾಯಗಳಲ್ಲಿ ಇನ್ನೆಷ್ಟಿವೆಯೋ, ಓದಿ ನೋಡಿದರಷ್ಟೇ ತಿಳಿಯುತ್ತದೆ.

ತಾಲ್ಲೂಕಿಗೆ ನೇರವಾಗಿ ಬಂದಿರುವ ಸೌಲಭ್ಯವೂ ಉಂಟು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವೆಂದು ಬಂದವರ ಇಸಿಜಿಯನ್ನು ಎಐ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಓದಲಾಗುತ್ತದೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಅಲ್ಲಿಯೇ ಉಚಿತ. ಆಮೇಲೆ ದೊಡ್ಡ ಆಸ್ಪತ್ರೆಗೆ ಪಯಣ. ಎದೆ ಹಿಡಿದುಕೊಂಡರೆ ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿದು ಮಲಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನೂ ಹೇಳಲೇಬೇಕು. ಮೊದಲನೆಯದು ಬರೆಯುವವರ ಹೊರೆ. ನಾನು ನೋಡಿದ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಒಂದೇ ವಿವರವನ್ನು ರಿಜಿಸ್ಟರಿನಲ್ಲಿ ಬರೆದು, ಮೊಬೈಲಿನಲ್ಲಿ ತುಂಬಿ, ನೆಟ್‌ವರ್ಕ್ ಸಿಗದೆ ಸಂಜೆ ಮನೆಯಲ್ಲಿ ಮತ್ತೊಮ್ಮೆ ತುಂಬುತ್ತಿದ್ದರು. ಹೀಗೆ ದಣಿದ ಕೈ ವಯಸ್ಸಿನ ಜಾಗದಲ್ಲಿ 40, 50 ಎಂದು ಸುತ್ತುಸಂಖ್ಯೆ ಹಾಕುತ್ತದೆ, ಕಸುಬಿನ ಜಾಗವನ್ನು ಖಾಲಿ ಬಿಡುತ್ತದೆ. ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ದುಡಿಯುವವನ ಕೆಮ್ಮಿಗೆ ‘ಕಲ್ಲಿನ ಕೆಲಸ’ ಎಂಬ ಎರಡು ಪದ ಸೇರದಿದ್ದರೆ, ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಕ್ಷಯದ ಲೆಕ್ಕಕ್ಕೆ ಹೋಗಿಬಿಡಬಹುದು. ಮಾಹಿತಿ ತುಂಬುವ ಕೆಲಸಕ್ಕೇ ಪ್ರತ್ಯೇಕ ಸಿಬ್ಬಂದಿ, ಸರಿಯಾದ ಸಂಬಳ ಬೇಕು. ಆಶಾ ಕಾರ್ಯಕರ್ತೆಯರ ಬೆನ್ನಮೇಲೆ ಇನ್ನೊಂದು ಆ್ಯಪ್ ಹೇರುವುದು ಪರಿಹಾರವಲ್ಲ.

ಎರಡನೆಯದು ಗುಟ್ಟಿನ ಪ್ರಶ್ನೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿ ನಡೆದು, ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಆರೋಗ್ಯದ ದಾಖಲೆ ಸೋರಿದರೆ ಬ್ಯಾಂಕಿನ ಪಾಸ್‌ವರ್ಡಿನಂತೆ ಅದನ್ನು ಬದಲಿಸಲಾಗದು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇನೋ ಬಂದಿದೆ. ಆದರೆ ಊರಿನ ಶಿಬಿರದಲ್ಲಿ ‘ಒಟಿಪಿ ಹೇಳ್ರಿ’ ಎಂದು ಕೇಳಿ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ ಮಾಡಿಕೊಡುವಾಗ ಅದು ಏನು, ಯಾಕೆ ಎಂದು ಎಷ್ಟು ಮಂದಿಗೆ ತಿಳಿಸುತ್ತಾರೆ? ಆ 14 ಅಂಕಿಯ ಸಂಖ್ಯೆ ಕಡ್ಡಾಯವಲ್ಲ. ಮಾಡಿಸಿಕೊಂಡರೆ ಬೇರೆ ಬೇರೆ ಆಸ್ಪತ್ರೆಗಳ ವರದಿಗಳನ್ನು ಒಂದೆಡೆ ಜೋಡಿಸಬಹುದು, ಯಾರಿಗೆ ತೋರಿಸಬೇಕೆಂಬ ಅಧಿಕಾರ ನಿಮ್ಮದು. ಇದನ್ನು ಕನ್ನಡದಲ್ಲಿ, ಕೂತು, ಬಿಡಿಸಿ ಹೇಳಿದ ಮೇಲೆ ಸಿಗುವ ಒಪ್ಪಿಗೆಯೇ ಒಪ್ಪಿಗೆ.

ಮರೋಳದ ಗುರುಗಳೇ, ನಿಮ್ಮ ಶಾಲೆಯ ಮಕ್ಕಳಿಗೆ ಇಷ್ಟನ್ನು ಹೇಳಿ. ಹಾವು ಕಡಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ರಕ್ತ ಹೀರುವುದು ಬೇಡ. ಹಾವನ್ನು ಹುಡುಕಿ ಕೊಲ್ಲಲು ಹೋಗುವುದೂ ಬೇಡ. ಕೈಕಾಲು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆ ಸೇರಬೇಕು. ಬೆಳಗಿನ ಜಾವ ಯಾರಾದರೂ ಕಾರಣವಿಲ್ಲದೆ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದರೆ, ಗಾಯ ಕಾಣದಿದ್ದರೂ ಹಾವಿನ ಅನುಮಾನ ಇಟ್ಟುಕೊಂಡೇ ಕರೆದೊಯ್ಯಬೇಕು. ಊರು, ಹೊತ್ತು, ಕಸುಬು ಸರಿಯಾಗಿ ಬರೆಸಬೇಕು. ಆರೋಗ್ಯ ಇಲಾಖೆಗೂ ಒಂದು ಮನವಿ: ನಮ್ಮಿಂದ ಪಡೆದ ಈ ಲೆಕ್ಕವನ್ನು, ಹೆಸರುಗಳನ್ನು ಬಿಟ್ಟು, ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಿ. ಈ ಮುಂಗಾರಿನಿಂದಲೇ ಅದನ್ನು ಹುನಗುಂದ, ಇಳಕಲ್, ಬಾದಾಮಿ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಚ್ಚಿ.